ಮಕ್ಕಳ ಮೌನ ಸಂಘಗಳಿಗೆ ಕೇಳಿಸಲಿ

ನವೆಂಬರ್ ಬಂತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ಸಡಗರ. ವೇದಿಕೆಯಲ್ಲಿ ಮಕ್ಕಳು ಹಾಡುತ್ತಾರೆ, ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಅದೇ ಮಕ್ಕಳು ಮರುದಿನ ಶಾಲೆಯಲ್ಲಿ ಹೇಗಿರುತ್ತಾರೆ ಎಂದು ವಿಚಾರಿಸುವವರು ಕಡಿಮೆ.

ಬ್ಯಾಂಕ್, ನೌಕಾಪಡೆ, ಹೋಟೆಲ್ ಉದ್ಯಮವೆಂದು ಕೊಚ್ಚಿಗೆ, ಇಸ್ರೋ ಕೇಂದ್ರಗಳಿಗೆಂದು ತಿರುವನಂತಪುರಕ್ಕೆ ಕನ್ನಡ ಕುಟುಂಬಗಳು ಬರುತ್ತವೆ. ದೊಡ್ಡವರು ಇಂಗ್ಲಿಷ್, ಹಿಂದಿಯಲ್ಲಿ ಹೇಗೋ ದಿನ ದೂಡುತ್ತಾರೆ. ಆಟದ ಬಯಲಿನಲ್ಲಿ ಮಗುವಿಗೆ ಮಲಯಾಳಂ ಬೇಕೇ ಬೇಕು. ಹೆತ್ತವರ ವರ್ಗಾವಣೆಯಿಂದ ನಡುವರ್ಷದಲ್ಲಿ ಬಂದ ಮಗು ತಿಂಗಳುಗಟ್ಟಲೆ ಮಾತೇ ಆಡದಿರುವುದುಂಟು. ಮನೆಯವರು ಹುಡುಗ ಮಂಕಾದ ಎಂದು ಹೆದರಿ, ಮನೆಯಲ್ಲೂ ಕನ್ನಡ ಬಿಟ್ಟು ಇಂಗ್ಲಿಷಿಗೆ ಇಳಿಯುತ್ತಾರೆ. ತಪ್ಪಾಗುವುದು ಇಲ್ಲೇ. ಹೊರಗೆ ಮಾತು ಸಿಗದ ಮಗುವಿಗೆ ಮನೆಮಾತೂ ತಪ್ಪಿದರೆ ದುಃಖ ಹೇಳಿಕೊಳ್ಳಲು ಭಾಷೆಯೇ ಉಳಿಯದು.

ಕೇರಳದ ಶಾಲೆಗಳಲ್ಲಿ 10ನೇ ತರಗತಿವರೆಗೆ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆ 2017ರಲ್ಲಿ ಬಂದಾಗ ಕಾಸರಗೋಡಿನಲ್ಲಿ ಪ್ರತಿಭಟನೆ ನಡೆಯಿತು. ಅದು ನ್ಯಾಯವೇ. 1956ರಲ್ಲಿ ಕೇರಳಕ್ಕೆ ಸೇರಿದ ಆ ನೆಲದ ಕನ್ನಡಿಗರು ವಲಸೆ ಬಂದವರಲ್ಲ. ಅವರಿಗೆ ಕನ್ನಡ ಮಾಧ್ಯಮ ಶಾಲೆಗಳಿವೆ, ಅವು ಉಳಿಯಬೇಕು. ಕೊಚ್ಚಿಗೆ ಬಂದವರ ಪ್ರಶ್ನೆ ಬೇರೆ. ಇಲ್ಲಿ ಮಲಯಾಳಂ ಕಲಿಯಬೇಕು, ಕನ್ನಡವನ್ನು ಮನೆ ಮತ್ತು ಸಂಘವೇ ಕಾಯಬೇಕು.

ಎರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ಕೊಚ್ಚಿ ಪಕ್ಕದಲ್ಲೇ ನಿದರ್ಶನವಿದೆ. ವಲಸೆ ಕಾರ್ಮಿಕರ ಮಕ್ಕಳಿಗಾಗಿ ಎರ್ನಾಕುಳಂ ಜಿಲ್ಲಾಡಳಿತ 2017ರಲ್ಲಿ ಬಿನಾನಿಪುರಂ ಸರಕಾರಿ ಶಾಲೆಯಲ್ಲಿ 'ರೋಶ್ನಿ' ಯೋಜನೆ ಆರಂಭಿಸಿತು. ಬೆಳಗ್ಗೆ ತಿಂಡಿ ಕೊಟ್ಟು, ಶಾಲೆ ಶುರುವಾಗುವ ಮುನ್ನ ಮಕ್ಕಳ ಮನೆಮಾತಿನ ನೆರವಿನಿಂದಲೇ ಮಲಯಾಳಂ ಕಲಿಸುವ ಕ್ರಮವದು. ಮುಂದೆ ಇತರ ಶಾಲೆಗಳಿಗೂ ಅದು ಹಬ್ಬಿತು.

ಕನ್ನಡದ ಮಕ್ಕಳಿಗಂತೂ ಈ ದಾರಿ ಇನ್ನೂ ಸಲೀಸು. ಪಾಲ್ ಎಂದರೆ ಹಾಲು, ಪತ್ತ್ ಎಂದರೆ ಹತ್ತು, ಪಲ್ಲ್ ಎಂದರೆ ಹಲ್ಲು. 'ಹ' ಇದ್ದಲ್ಲಿ 'ಪ' ಹಾಕಿ ನೋಡು ಎಂದರೆ ಮಗುವಿಗೆ ಅದೇ ಆಟ. ಕನ್ನಡ ಗಟ್ಟಿಯಿದ್ದಷ್ಟೂ ಮಲಯಾಳಂ ಬೇಗ ಒಲಿಯುತ್ತದೆ.

ಆದುದರಿಂದ ರಾಜ್ಯೋತ್ಸವದ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಸಂಘಗಳು ಭಾನುವಾರ ಎರಡು ಗಂಟೆ ಮಕ್ಕಳಿಗಾಗಿ ಬಾಗಿಲು ತೆರೆಯಲಿ. ಅಕ್ಷರ ಕಲಿಸಲು ನಿವೃತ್ತ ಹಿರಿಯರಿದ್ದಾರೆ, ಮಲಯಾಳಂ ಹೇಳಿಕೊಡಲು ಇಲ್ಲೇ ಬೆಳೆದ ಕಾಲೇಜು ಮಕ್ಕಳಿದ್ದಾರೆ. ಹೊಸದಾಗಿ ಬಂದ ಕುಟುಂಬದಿಂದ ಸದಸ್ಯತ್ವದ ಹಣ ಕೇಳುವ ಮುಂಚೆ, ಮಗು ಶಾಲೆಯಲ್ಲಿ ಮಾತಾಡುತ್ತಿದೆಯೇ ಎಂದು ಕೇಳಲಿ. ಸಂಘ ಇರುವುದು ಅದಕ್ಕೇ ಅಲ್ಲವೇ?