ಡೌನ್‌ಲೋಡ್ ನಮ್ಮದು, ಅಪ್‌ಲೋಡ್ ಯಾರದು?

ಬೀದರ್ ನಗರದ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿಯ ಗೋರಿಯೊಳಗೆ ಕಾಲಿಟ್ಟರೆ ಗೋಡೆ, ಚಾವಣಿಯ ತುಂಬ ಬಣ್ಣದ ಚಿತ್ತಾರ. ಊರಿನ ಒಬ್ಬ ಕಾಲೇಜು ಹುಡುಗಿ ಅದರ ವಿಡಿಯೊ ಮಾಡಿದಳು ಅಂತಿಟ್ಟುಕೊಳ್ಳಿ. ಫೈಲ್ 2 ಜಿಬಿ. ಭಾಲ್ಕಿ, ಔರಾದ್, ಬೆಂಗಳೂರಿನಲ್ಲಿರೋ 50 ಗೆಳೆಯರಿಗೆ ಅದು ಬೇಕು. ಅವಳ ಮನೆಯ ಕನೆಕ್ಷನ್‌ನ ಅಪ್‌ಲೋಡ್ ವೇಗ 2 ಎಂಬಿಪಿಎಸ್.

ಲೆಕ್ಕ ಹಾಕೋಣ. ಎಂಬಿಪಿಎಸ್ ಅಳೆಯೋದು ಮೆಗಾಬಿಟ್, ಮೆಗಾಬೈಟ್ ಅಲ್ಲ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 2 ಜಿಬಿ ಅಂದ್ರೆ ಸುಮಾರು 16,000 ಮೆಗಾಬಿಟ್. ಒಂದು ಪ್ರತಿ ಅವಳ ಮನೆಯಿಂದ ಹೊರಬೀಳಲು 8,000 ಸೆಕೆಂಡು, ಅಂದರೆ 2 ಗಂಟೆ 13 ನಿಮಿಷ ಬೇಕು. 50 ಜನಕ್ಕೂ ಅವಳೊಬ್ಬಳೇ ಕಳಿಸುತ್ತಾ ಕೂತರೆ ನಾಲ್ಕೂವರೆ ದಿನಕ್ಕೂ ಹೆಚ್ಚು.

ಯೂಟ್ಯೂಬ್‌ಗೆ ಹಾಕಿದರೆ ಒಂದು ಸಲ ಕಳಿಸಿದರೆ ಸಾಕು, ಉಳಿದದ್ದನ್ನು ಕಂಪನಿಯ ಸರ್ವರ್ ಹಂಚುತ್ತೆ. ಆದರೆ ಅಲ್ಲಿ ಏನಿರಬೇಕು, ಏನಿರಬಾರದು ಅನ್ನೋದೂ ಕಂಪನಿಯದೇ ತೀರ್ಮಾನ. ನಡುವಿನ ಈ ಯಜಮಾನ ಇಲ್ಲದೆ ಹಂಚೋದು ಹೇಗೆ ಅನ್ನುವುದಕ್ಕೆ ಬ್ರಾಮ್ ಕೊಹೆನ್ 2001ರಲ್ಲಿ ಕೊಟ್ಟ ಉತ್ತರವೇ ಬಿಟ್‌ಟೊರೆಂಟ್.

ನಮ್ಮ ಹಳ್ಳಿಗಳಿಗೆ ಇದು ಹೊಸದಲ್ಲ. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು ಅನ್ನೋ ಮುಯ್ಯಾಳು ಪದ್ಧತಿಯೇ ಇದು. ಫೈಲನ್ನು ನೂರಾರು ಚೂರು ಮಾಡಲಾಗುತ್ತೆ. ಮೊದಲ ಚೂರು ಭಾಲ್ಕಿಯವನಿಗೆ ಹೋದರೆ ಎರಡನೆಯದು ಔರಾದಿನವಳಿಗೆ. ಆಮೇಲೆ ಅವರಿಬ್ಬರೂ ತಮ್ಮಲ್ಲೇ ಅದಲು ಬದಲು ಮಾಡಿಕೊಳ್ಳುತ್ತಾರೆ. ಪ್ರತಿ ಚೂರಿಗೂ ಹ್ಯಾಶ್ ಎಂಬ ಬೆರಳಚ್ಚು ಇರುವುದರಿಂದ ನಡುವೆ ಯಾರಾದರೂ ಕೈಯಾಡಿಸಿದರೆ ಗೊತ್ತಾಗುತ್ತೆ. ಎಲ್ಲರೂ ಕೈಜೋಡಿಸಿದರೆ ಹುಡುಗಿ ಹೆಚ್ಚುಕಡಿಮೆ ಒಂದೇ ಪ್ರತಿಯಷ್ಟು ಕಳಿಸಿ ಸುಮ್ಮನಿರಬಹುದು.

ಮುಯ್ಯಿ ತೀರಿಸದವರಿಗೆ ಏನು ಶಿಕ್ಷೆ? ಕೊಹೆನ್ 2003ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಪ್ರಕಾರ ಪ್ರತಿ ಕಂಪ್ಯೂಟರ್ ಒಂದು ಹೊತ್ತಿಗೆ ಕೆಲವರಿಗೆ ಮಾತ್ರ, ಸಾಮಾನ್ಯವಾಗಿ ನಾಲ್ವರಿಗೆ, ಚೂರು ಕೊಡುತ್ತೆ. ತನಗೆ ಯಾರು ವೇಗವಾಗಿ ಕೊಡುತ್ತಿದ್ದಾರೆ ಅಂತ 10 ಸೆಕೆಂಡಿಗೊಮ್ಮೆ ನೋಡಿ ಅವರನ್ನೇ ಆರಿಸಿಕೊಳ್ಳುತ್ತೆ. ಹೊಸಬರಿಗೂ ಅವಕಾಶ ಸಿಗಲಿ ಅಂತ 30 ಸೆಕೆಂಡಿಗೊಮ್ಮೆ ಗುರುತಿಲ್ಲದ ಒಬ್ಬರಿಗೆ ಬಾಗಿಲು ತೆರೆಯುತ್ತೆ.

ಈಗ ಎಲ್ಲರ ಪ್ರಶ್ನೆ: ನನ್ನದು 100 ಎಂಬಿಪಿಎಸ್ ಪ್ಲಾನ್, ಆದರೂ ಟೊರೆಂಟ್ ಯಾಕೆ ತೆವಳುತ್ತೆ? ಯಾಕಂದ್ರೆ ನಿಮ್ಮ ಡೌನ್‌ಲೋಡ್ ಅನ್ನೋದು ಇನ್ನೊಬ್ಬರ ಅಪ್‌ಲೋಡ್. ಅಷ್ಟೂರಿನ ಮನೆಯಿಂದ ಕೊನೆಯ ಚೂರು ಹೊರಬರುವವರೆಗೆ ಬೆಂಗಳೂರಿನ ಫೈಬರ್ ಕೂಡ 99%ಕ್ಕೆ ಬಂದು ಕಾಯಲೇಬೇಕು. ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವ ಸೀಡರ್‌ಗಳು ಹೆಚ್ಚಿದಷ್ಟೂ ವೇಗ ಹೆಚ್ಚುತ್ತೆ, ಎಲ್ಲರೂ ತಮ್ಮದಾದ ಕೂಡಲೇ ಕಿತ್ತುಕೊಂಡು ಹೋದರೆ ಕುಸಿಯುತ್ತೆ.

ಬೇರೆ ಅಡ್ಡಿಗಳೂ ಇವೆ. ಐಪಿವಿ4 ವಿಳಾಸಗಳು ಸಾಲದೆ ಕಂಪನಿಗಳು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಆಗ ಹೊರಗಿನವರು ನೇರವಾಗಿ ನಿಮ್ಮ ಬಾಗಿಲು ತಟ್ಟೋದು ಕಷ್ಟ. ಕೆಲವೊಮ್ಮೆ ಕಂಪನಿಯೇ ಕೈ ಅಡ್ಡ ಹಿಡಿಯುತ್ತೆ. ಅಮೆರಿಕದ ಕಾಮ್‌ಕಾಸ್ಟ್ ಬಿಟ್‌ಟೊರೆಂಟ್‌ಗೆ ತಡೆ ಒಡ್ಡುತ್ತಿದ್ದದ್ದು 2007ರಲ್ಲಿ ಬಯಲಾಯಿತು. ಇಂಥ ತಾರತಮ್ಯ ಕೂಡದು ಎಂಬ ನೆಟ್ ನ್ಯೂಟ್ರಾಲಿಟಿ ನಿಯಮಗಳಿಗೆ ಭಾರತ 2018ರಲ್ಲಿ ಒಪ್ಪಿಗೆ ಕೊಟ್ಟಿದೆ.

'ಟೊರೆಂಟ್ ಅಂದ್ರೆ ಸಿನಿಮಾ ಕಳ್ಳತನ ತಾನೇ?' ಅನ್ನಬಹುದು. ಹಕ್ಕುಸ್ವಾಮ್ಯ ಇರುವ ಸಿನಿಮಾ ಹಂಚುವುದು ಅಪರಾಧ, ಅನುಮಾನವಿಲ್ಲ. ಆದರೆ ಉಬುಂಟು ಹಂಚಿಕೆಯಾಗುವುದೂ ಟೊರೆಂಟ್‌ನಲ್ಲೇ. ಇಂಟರ್ನೆಟ್ ಆರ್ಕೈವ್‌ನ ಹಳೆಯ ಪುಸ್ತಕಗಳಿಗೂ ಟೊರೆಂಟ್ ಇದೆ. ಬಸ್ಸಿನಲ್ಲಿ ಕಳ್ಳ ಹತ್ತಿದ ಅಂತ ಯಾರೂ ಬಸ್ ನಿಲ್ಲಿಸಲ್ಲ.

ನನ್ನ ತಕರಾರು ಇರೋದು ನಮ್ಮ ನೀತಿಯ ಬಗ್ಗೆ. 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಬ್ರಾಡ್‌ಬ್ಯಾಂಡ್‌ನ ವ್ಯಾಖ್ಯಾನ ತಿದ್ದಿತು. ಕನಿಷ್ಠ ಡೌನ್‌ಲೋಡ್ ವೇಗ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿತು. ಅಪ್‌ಲೋಡ್‌ಗೆ ಮಾತ್ರ ಕನಿಷ್ಠ ಮಟ್ಟವೇ ಇಲ್ಲ. ಜನ ನೋಡುತ್ತಾರೆ, ಕೇಳುತ್ತಾರೆ, ಕೊಳ್ಳುತ್ತಾರೆ. ಅವರಿಗೂ ಕಳಿಸಲು ಏನಾದರೂ ಇದ್ದೀತು ಅನ್ನುವ ಯೋಚನೆ ಆ ವ್ಯಾಖ್ಯಾನದಲ್ಲಿಲ್ಲ.

ಆದರೆ ಅದೇ ಸರ್ಕಾರ ಜನರಿಂದ ಅಪ್‌ಲೋಡ್ ಕೇಳುತ್ತೆ. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದ ನರೇಗಾ ಕೆಲಸಗಳಲ್ಲಿ ದಿನಕ್ಕೆರಡು ಸಲ ಆ್ಯಪ್‌ನಲ್ಲಿ ಕೂಲಿಕಾರರ ಫೋಟೊ ಹಾಕಿ ಹಾಜರಿ ಕೊಡುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಕೈಕೊಟ್ಟರೆ ದುಡಿದ ದಿನದ ಕೂಲಿಗೇ ಕುತ್ತು ಅಂತ ಕೂಲಿಕಾರರು ದಿಲ್ಲಿಯವರೆಗೂ ಹೋಗಿ ಧರಣಿ ಕೂತರು. ರಾಜ್ಯದಲ್ಲಿ 2020ರಲ್ಲಿ ರೈತರೇ ಬೆಳೆ ಸಮೀಕ್ಷೆ ಆ್ಯಪ್‌ಗೆ ಹೊಲದ ಫೋಟೊ ಹಾಕುವ ವ್ಯವಸ್ಥೆ ಬಂತು. ಇದೆಲ್ಲ ಹೋಗೋದು ಮೇಲ್ಮುಖದ ದಾರಿಯಲ್ಲೇ.

ಬಹುತೇಕರು ಕಳಿಸುವುದಕ್ಕಿಂತ ಪಡೆಯುವುದೇ ಹೆಚ್ಚು, ಅದಕ್ಕೇ ಜಾಲವನ್ನು ಹೀಗೆ ಕಟ್ಟಿದ್ದೇವೆ ಅಂತ ಕಂಪನಿಗಳು ಹೇಳುತ್ತವೆ. ಹಳೆಯ ತಾಮ್ರದ ತಂತಿಗೆ ಆ ಮಾತು ಸರಿ. ಫೈಬರ್‌ನಲ್ಲಿ ಎರಡೂ ಕಡೆ ಸಮ ವೇಗ ಕೊಡುವ ಪ್ಲಾನ್‌ಗಳು ಈಗಾಗಲೇ ಇವೆ. ದಾರಿ ಕಿರಿದು ಮಾಡಿಟ್ಟು, ಆಮೇಲೆ ಆ ಕಡೆಯಿಂದ ಯಾರೂ ಬರ್ತಿಲ್ಲ ಅನ್ನೋದು ಯಾವ ನ್ಯಾಯ?

ಮುಂದಿನ ಸಲ ಸ್ಪೀಡ್ ಟೆಸ್ಟ್ ಮಾಡಿದಾಗ ಎರಡನೇ ಅಂಕಿಯನ್ನೂ ನೋಡಿ, ಬರೆದಿಡಿ. ಪ್ರತಿ ಗ್ರಾಮ ಪಂಚಾಯ್ತಿಗೆ 100 ಎಂಬಿಪಿಎಸ್ ಅಂತ 2011ರಲ್ಲಿ ಹೊರಟ ಯೋಜನೆಯೇ ಇವತ್ತಿನ ಭಾರತ್‌ನೆಟ್. ನಿಮ್ಮೂರಿನ ಗ್ರಾಮಸಭೆಯಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ: ನಮ್ಮೂರಿಗೆ ಎಷ್ಟು ಬರುತ್ತೆ ಅಂತ ಹೇಳಿದ್ರಿ, ನಮ್ಮೂರಿಂದ ಎಷ್ಟು ಹೋಗುತ್ತೆ?