ಬ್ರೋಕರ್ ಆಗ್ತೀಯಾ? ಮೊದಲು ಗಡಿಕಲ್ಲು ಹುಡುಕು

ನೆರೆಮನೆಯ ಹುಡುಗ ಮಳೆಗಾಲಕ್ಕೆ ಮೊದಲು ಒಂದು ಸಂಜೆ ಬಂದು ಜಗಲಿಯಲ್ಲಿ ಕೂತ. ಮಂಗಳೂರಿನ ಮೊಬೈಲ್ ಅಂಗಡಿಯ ಕೆಲಸ ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಮಜ್ಜಿಗೆ ಕುಡಿದಾದ ಮೇಲೆ ಮೆಲ್ಲಗೆ ವಿಷಯ ತೆಗೆದ. “ಮಾವ, ನಾನು ಜಾಗದ ಬ್ರೋಕರ್ ಆಗ್ಬೇಕೂಂತ ಇದ್ದೇನೆ. ಅಪ್ಪ ಮಾತು ಬಿಟ್ಟಿದ್ದಾರೆ.”

ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಬ್ರೋಕರ್ ಎಂದರೆ ಬೆವರು ಹರಿಸದೆ ಉಣ್ಣುವವ. ಸುಳ್ಯ ಕಡೆಯ ತೋಟಗಳಲ್ಲಿ ಹಳದಿ ರೋಗ ಹಬ್ಬಿ, ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡ ಮೇಲೆ, ಮಾರುವ ಯೋಚನೆಯೇ ಇಲ್ಲದವನ ಅಂಗಳಕ್ಕೂ ಬೈಕಿನಲ್ಲಿ ಬಂದು “ಜಾಗ ಕೊಡ್ತೀರಾ?” ಎಂದು ಕೇಳುವವರಿದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಅಂದಿನಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಹೀಗಾಗಿ ಬೆಂಗಳೂರಿನ ನಂಬರಿನ ಕಾರುಗಳೂ ಬರುತ್ತವೆ, ಮುಂದಿನ ಸೀಟಿನಲ್ಲಿ ಊರಿನ ಯಾರಾದರೊಬ್ಬ ಕೂತಿರುತ್ತಾನೆ.

ಆದರೂ ನಾನು ಹುಡುಗನಿಗೆ ಬೇಡ ಅನ್ನಲಿಲ್ಲ. ನಾವು ಬೈದರೂ ಬಿಟ್ಟರೂ ಜಾಗಗಳು ಮಾರಾಟವಾಗುತ್ತಲೇ ಇರುತ್ತವೆ. ನಡುವೆ ನಿಲ್ಲುವವನು ಯಾರು ಎಂಬುದಷ್ಟೇ ಪ್ರಶ್ನೆ.

ನನ್ನದೇ ಕತೆ ಹೇಳುತ್ತೇನೆ. 2014ರಲ್ಲಿ ಅಪ್ಪನ ಹೃದಯದ ಆಪರೇಶನಿಗೆ ಹಣ ಬೇಕಾಗಿ ರಸ್ತೆ ಬದಿಯ 80 ಸೆಂಟ್ಸ್ ಗುಡ್ಡೆ ಮಾರಿದೆ. ಬ್ರೋಕರ್ ಸೆಂಟ್ಸಿಗೆ 20 ಸಾವಿರದ ಮೇಲೆ ಬಿಡಿಕಾಸೂ ಹುಟ್ಟುವುದಿಲ್ಲ ಅಂದ. ಕೊಂಡವರನ್ನು ನಾನು ಮೊದಲು ಕಂಡದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲಲ್ಲಿ. ಪಾಪ, ಸಾಧು ಮನುಷ್ಯರು. ಮಾತಿಗೆ ಮಾತು ಬಂದು, ತಾವು ಸೆಂಟ್ಸಿಗೆ 25 ಸಾವಿರ ಕೊಟ್ಟದ್ದನ್ನು ಹೇಳಿದರು. ನಡುವಿನ 4 ಲಕ್ಷ ಬ್ರೋಕರನ ಕಿಸೆಗೆ! ಮೇಲಿಂದ ನನ್ನ ಕೈಯಿಂದ ನೂರಕ್ಕೆ ಎರಡರಂತೆ 32 ಸಾವಿರ ಕಮಿಷನ್ ಬೇರೆ. ಮರುದಿನ ಆಸ್ಪತ್ರೆಯಲ್ಲಿ ಹಣ ಕಟ್ಟಬೇಕಿತ್ತು. ಸಹಿ ಹಾಕಿದೆ.

ಆ ಮನುಷ್ಯನಿಗೆ ನಮ್ಮ ಊರಲ್ಲಿ ಅದೇ ಕೊನೆಯ ವ್ಯವಹಾರ. ಸುದ್ದಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ತಲುಪಲು ಒಂದು ವಾರವೂ ಬೇಕಾಗಲಿಲ್ಲ. ಎರಡು ವರ್ಷ ನೋಡಿ ಬೇರೆ ತಾಲೂಕಿಗೆ ಹೋದ. 4 ಲಕ್ಷ ದೊಡ್ಡ ಸಂಪಾದನೆಯೇ ಸರಿ, ಆದರೆ ಊರು ತುಂಬ ಕೃಷಿಕರಿದ್ದಾರೆ, ಪ್ರತಿ ಮನೆಯಲ್ಲೂ ಒಂದಲ್ಲ ಒಂದು ದಿನ ಪಾಲು, ಮಾರಾಟ ಇದ್ದದ್ದೇ. ಅಷ್ಟನ್ನೂ ಆತ ಕಳಕೊಂಡ.

ಈ ಕೆಲಸಕ್ಕೆ ಬಾಯಿ ಬೇಕು ಅಂತ ಹುಡುಗ ತಿಳಿದಿದ್ದ. ನನ್ನನ್ನು ಕೇಳಿದರೆ ಕಾಲು ಮತ್ತು ಕಣ್ಣು ಬೇಕು. ನಮ್ಮ ಜಿಲ್ಲೆಯ ಜಾಗವನ್ನೇ ನೋಡಿ. “ಐದು ಎಕ್ರೆ ತೋಟ” ಎಂದು ತೋರಿಸುತ್ತಾರೆ. ಆರ್‌ಟಿಸಿ ತೆಗೆದರೆ ವರ್ಗ ಜಾಗ ಎರಡೇ ಎಕ್ರೆ, ಉಳಿದದ್ದು ಕುಮ್ಕಿ. ಕದೀಮ್ ವರ್ಗದ ಗಡಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆ ತೆಗೆಯುವ ಸವಲತ್ತು ನಮಗಿದೆ, ಮಾರುವ ಹಕ್ಕು ಇಲ್ಲ. ಅಜ್ಜನ ಕಾಲದಿಂದ ಅಡಿಕೆ ನೆಟ್ಟಿದ್ದರೂ ಅಷ್ಟೇ. ಅಕ್ರಮ ಸಕ್ರಮದಲ್ಲಿ ಸಿಕ್ಕಿದ್ದಾದರೆ ಪ್ಲಾಟಿಂಗ್ ಆಗಿದೆಯಾ, ಪರಭಾರೆ ಮಾಡಬಾರದೆಂಬ ಷರತ್ತಿನ ಅವಧಿ ಮುಗಿದಿದೆಯಾ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಾಗವಾದರೆ ಇನ್ನೂ ಎಚ್ಚರ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರಕಾರದ ಅನುಮತಿ ಇಲ್ಲದ ಮಾರಾಟ ಅಸಿಂಧು. ಎಷ್ಟು ವರ್ಷ ಕಳೆದರೂ ಅರ್ಜಿ ಹಾಕಬಹುದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಹಿರಿಯರ ಆಸ್ತಿಯಾದರೆ ಮದುವೆಯಾಗಿ ಹೋದ ತಂಗಿಯಂದಿರ ಸಹಿ. ಇದನ್ನು ಕೊನೆಗೆ ನೆನಪು ಮಾಡಿಕೊಂಡು ಕೋರ್ಟು ಅಲೆಯುವವರು ನಮ್ಮ ನೆಂಟರಲ್ಲೇ ಇದ್ದಾರೆ.

ಸೈಟು, ಫ್ಲ್ಯಾಟು ಮಾರಿಸುವವರಿಗೆ 2016ರ ರೇರಾ ಕಾಯ್ದೆ ಇದೆ. ರೇರಾ ನೋಂದಣಿಯ ಬಡಾವಣೆಯಲ್ಲಿ ಏಜೆಂಟಿಕೆ ಮಾಡಬೇಕಾದರೆ ಏಜೆಂಟನೂ ನೋಂದಾಯಿಸಿಕೊಳ್ಳಲೇಬೇಕು, ತಪ್ಪಿದರೆ ದಿನಕ್ಕೆ 10 ಸಾವಿರದಂತೆ ದಂಡ. ತೋಟ, ಗದ್ದೆ ಇದ್ದ ಹಾಗೆಯೇ ಮಾರಿಸುವವನಿಗೆ ಇಂಥ ಕಟ್ಟುಪಾಡು ಇಲ್ಲ. ಅಲ್ಲಿ ಇರುವುದು ಅವನ ಮಾತು ಮಾತ್ರ. ಹಾಗಾಗಿ ಹುಡುಗನಿಗೆ ಎರಡು ವಿಷಯ ಒತ್ತಿ ಹೇಳಿದೆ. ಮಾರುವವರನ್ನೂ ಕೊಳ್ಳುವವರನ್ನೂ ಮೊದಲ ದಿನವೇ ಎದುರೆದುರು ಕೂರಿಸು. ನಿನ್ನ ಹೆಸರಿಗೆ ಜಿಪಿಎ ಬರೆಸಿಕೊಳ್ಳುವ ಆಸೆಗೆ ಹೋಗಬೇಡ. ಜಿಪಿಎಯಿಂದ ಜಾಗದ ಹಕ್ಕು ಕೈಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ನಾವು ಕೃಷಿಕರೂ ಏನು ಕಮ್ಮಿ ಇಲ್ಲ ಮಾರಾಯ್ರೆ. ಒಂದೇ ಜಾಗವನ್ನು ಐದು ಜನ ಬ್ರೋಕರರ ಕಿವಿಗೆ ಹಾಕುತ್ತೇವೆ. ಬೇಸಗೆಯಲ್ಲಿ ಬತ್ತುವ ಬಾವಿಯನ್ನು ನವೆಂಬರಿನಲ್ಲಿ ತೋರಿಸುತ್ತೇವೆ. ದಾರಿ ಪಕ್ಕದವರ ಪಟ್ಟಾ ಜಾಗದಲ್ಲಿ ಹೋಗುತ್ತದೆ ಎಂಬುದನ್ನು ಬಾಯಿ ಬಿಡುವುದಿಲ್ಲ. ರಿಜಿಸ್ಟ್ರಿ ಆದ ಮೇಲೆ, ಆರು ತಿಂಗಳು ತಾಲೂಕು ಕಚೇರಿ ಅಲೆದವನಿಗೆ ಕಮಿಷನ್ ಕೊಡಲು ಮೀನಮೇಷ ಎಣಿಸುತ್ತೇವೆ. ಪ್ರಾಮಾಣಿಕನಿಗೆ ಹೊಟ್ಟೆ ತುಂಬದಿದ್ದರೆ ಅವನೂ ನಡುವೆ ದುಡ್ಡು ಇಟ್ಟುಕೊಳ್ಳಲು ಕಲಿಯುತ್ತಾನೆ. ಕಮಿಷನ್ ಎಷ್ಟು, ಯಾರು, ಯಾವಾಗ ಕೊಡುವುದು ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಲು ನಮಗೇನು ಕಷ್ಟ? ಸಾಗಿಸಿದ ಅಡಿಕೆಗೆ ಚೀಟಿ ಕೇಳುವ ನಾವು, ಜಾಗ ಮಾರುವಾಗ ಚೀಟಿ ಕೇಳುವುದಿಲ್ಲ.

ಹುಡುಗ ಆಮೇಲೆ ನನ್ನ ಜತೆ ಎರಡು ದಿನ ಗುಡ್ಡೆ ಹತ್ತಿ ನಮ್ಮದೇ ಜಾಗದ ಗಡಿಕಲ್ಲು ಹುಡುಕಿದ. ಏಳರಲ್ಲಿ ನಾಲ್ಕು ಸಿಕ್ಕಿತು, ಒಂದು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಅಡಿಗೆ! ಅವನ ಮೊದಲ ವ್ಯವಹಾರ ಕೈಕೊಟ್ಟಿತು. “ನಾಲ್ಕು ಎಕ್ರೆ” ಎಂದಿದ್ದ ಜಾಗದಲ್ಲಿ ವರ್ಗ 1 ಎಕ್ರೆ 80 ಸೆಂಟ್ಸ್ ಮಾತ್ರ ಅಂತ ಕೊಳ್ಳುವವರಿಗೆ ಮೊದಲೇ ಹೇಳಿದ, ಅವರು ಹಿಂದೆ ಹೋದರು. ಮಾರುವವರು ಈಗ ಇವನಲ್ಲಿ ಮಾತಾಡುವುದಿಲ್ಲ. ಹಿಂದೆ ಹೋದವರು ಮಾತ್ರ ಮೊನ್ನೆ ಫೋನ್ ಮಾಡಿ, ಬೇರೆ ಜಾಗ ಇದ್ದರೆ ನೀನೇ ನೋಡಿ ಹೇಳು ಅಂದರಂತೆ. ಅಪ್ಪನೂ ಮಾತಾಡಲು ಸುರು ಮಾಡಿದ್ದಾರೆ, ಬೈಯಲಿಕ್ಕಾದರೂ.