ಹಣದ ಮುಂದೆ ಮನುಷ್ಯನ ನಡತೆ

ಅರ್ಥಶಾಸ್ತ್ರವೆಂದರೆ ಬೆಲೆ, ಬಡ್ಡಿ, ತೆರಿಗೆಗಳ ಲೆಕ್ಕವೆಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಆದರೆ ಆ ಲೆಕ್ಕದ ಹಿಂದೆ ಮನುಷ್ಯನಿದ್ದಾನೆ. ಅವನ ಆಸೆ, ಅಂಜಿಕೆ, ಅಭಿಮಾನಗಳಿವೆ. ಇವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡ ಶಾಖೆಗೆ ವರ್ತನಾ ಅರ್ಥಶಾಸ್ತ್ರವೆಂದು ಹೆಸರು. ಊಹೆಗಳನ್ನು ಪ್ರಯೋಗದಿಂದ ಪರೀಕ್ಷಿಸುವ ಮಾರ್ಗವು ಪ್ರಾಯೋಗಿಕ ಅರ್ಥಶಾಸ್ತ್ರ. ಪದವಿ ಮುಗಿಸಿದ ಮಗನೋ ಮಗಳೋ ಇದನ್ನು ಸ್ನಾತಕೋತ್ತರ ಹಂತದಲ್ಲಿ ಓದುವೆನೆಂದಾಗ, "ಇದರಿಂದ ಹೊಟ್ಟೆ ತುಂಬೀತೆ?" ಎಂದು ಹಿರಿಯರು ಕೇಳುವುದು ಸಹಜ. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೂ ಮೊದಲು ಆ ವಿದ್ಯೆಯ ಸ್ವರೂಪವನ್ನು ಅರಿಯುವುದು ಒಳಿತು.

ಮನುಷ್ಯನು ಸದಾ ತನ್ನ ಲಾಭವನ್ನೇ ಲೆಕ್ಕಹಾಕಿ ನಡೆಯುತ್ತಾನೆಂದು ಹಿಂದಿನ ಗ್ರಂಥಗಳು ಭಾವಿಸಿ ಮುಂದುವರಿಯುತ್ತಿದ್ದವು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1956ರಲ್ಲಿ ವರ್ನನ್ ಸ್ಮಿತ್ ತಮ್ಮ ವಿದ್ಯಾರ್ಥಿಗಳನ್ನೇ ಕೊಳ್ಳುವವರು, ಮಾರುವವರು ಎಂದು ವಿಂಗಡಿಸಿ ತರಗತಿಯಲ್ಲಿ ಪುಟ್ಟ ಸಂತೆಯೊಂದನ್ನು ನಡೆಸಿದರು. ಕೆಲವೇ ಸುತ್ತುಗಳಲ್ಲಿ ಬೆಲೆಯು ಸಿದ್ಧಾಂತ ಹೇಳಿದ ಮಟ್ಟದ ಸಮೀಪಕ್ಕೆ ಬಂದು ನಿಂತಿತು. ಇತ್ತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲಿ ಬೇರೊಂದು ಮುಖವನ್ನು ತೋರಿಸಿದರು: ನೂರು ರೂಪಾಯಿ ದೊರೆತಾಗ ಆಗುವ ಸಂತೋಷಕ್ಕಿಂತ ನೂರು ರೂಪಾಯಿ ಕಳೆದಾಗ ಆಗುವ ನೋವೇ ಹೆಚ್ಚು. ಒಂದು ಪ್ರಯೋಗ ಹಳೆಯ ಸಿದ್ಧಾಂತವನ್ನು ಎತ್ತಿಹಿಡಿಯಿತು, ಇನ್ನೊಂದು ಅದರ ಕೊರತೆಯನ್ನು ತೋರಿತು. 2002ರ ನೊಬೆಲ್ ಪುರಸ್ಕಾರವನ್ನು ಸ್ಮಿತ್ ಮತ್ತು ಕಾನೆಮನ್ ಹಂಚಿಕೊಂಡರು. ಟ್ವೆರ್ಸ್ಕಿ 1996ರಲ್ಲಿಯೇ ಗತಿಸಿದ್ದರು.

ಈ ವಿದ್ಯೆಯ ಪ್ರಸಿದ್ಧ ಪ್ರಯೋಗವೊಂದನ್ನು ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಅದರ ಬಗೆ ಹೀಗೆ: ಒಬ್ಬನ ಕೈಗೆ ನೂರು ರೂಪಾಯಿ ಕೊಟ್ಟು, ಅಪರಿಚಿತನಾದ ಇನ್ನೊಬ್ಬನಿಗೆ ಎಷ್ಟು ಪಾಲು ಕೊಡುವೆಯೆಂದು ಕೇಳುತ್ತಾರೆ. ಎರಡನೆಯವನು ಒಪ್ಪಿದರೆ ಇಬ್ಬರಿಗೂ ಪಾಲು. ಒಲ್ಲೆನೆಂದರೆ ಇಬ್ಬರಿಗೂ ಏನೂ ಇಲ್ಲ. ಬರಿಯ ಲಾಭದ ಲೆಕ್ಕವಾದರೆ ಒಂದು ರೂಪಾಯಿ ಕೊಟ್ಟರೂ ಒಪ್ಪಬೇಕು. ಆದರೆ ಇಂತಹ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಂಡುದು ಬೇರೆ. ಬಹುಮಂದಿ ನಲವತ್ತರಿಂದ ಐವತ್ತು ರೂಪಾಯಿಯಷ್ಟು ಕೊಡಲು ಮುಂದಾಗುತ್ತಾರೆ. ಇಪ್ಪತ್ತಕ್ಕಿಂತ ಕಡಿಮೆಯಾದರೆ ಅನೇಕರು, ತಮಗೂ ನಷ್ಟವೆಂದು ತಿಳಿದೂ, ಅದನ್ನು ತಳ್ಳಿಬಿಡುತ್ತಾರೆ. ಅನ್ಯಾಯದ ಪಾಲಿಗಿಂತ ಬರಿಗೈಯೇ ಲೇಸೆನಿಸುತ್ತದೆ.

ಮುಂದೆ ಜೋಸೆಫ್ ಹೆನ್ರಿಕ್ ಮೊದಲಾದ ವಿದ್ವಾಂಸರು ಇದೇ ಆಟವನ್ನು ಹಲವು ಬುಡಕಟ್ಟುಗಳಲ್ಲಿ ನಡೆಸಿದರು. ಪೆರು ದೇಶದ ಕಾಡಿನ ಮಾಚಿಗೆಂಗಾ ಜನರು ಸರಾಸರಿ ಕಾಲು ಭಾಗದಷ್ಟನ್ನು ಮಾತ್ರ ಕೊಡಲು ಬಂದರು. ಇಂಡೊನೇಷ್ಯಾದ ಲಮಲೆರಾದ ತಿಮಿಂಗಿಲ ಬೇಟೆಗಾರರು ಅರ್ಧಕ್ಕೂ ಮಿಗಿಲಾಗಿ ಕೊಟ್ಟರು. ಮೊದಲಿನವರ ಸಂಸಾರಗಳು ತಮ್ಮಷ್ಟಕ್ಕೆ ತಾವೇ ದುಡಿದುಣ್ಣುವಂಥವು. ಎರಡನೆಯವರದು ಹಲವರು ಒಂದೇ ದೋಣಿಯೇರಿ, ದೊರೆತುದನ್ನು ಕಟ್ಟಳೆಯಂತೆ ಹಂಚಿಕೊಳ್ಳುವ ಬಾಳು. ಕೂಡಿ ದುಡಿಯುವ ರೂಢಿಯು ಹಂಚುವ ಮನಸ್ಸನ್ನೂ ರೂಪಿಸುತ್ತದೆಯೆಂಬುದು ಇಲ್ಲಿ ಸೂಚಿತವಾಗಿದೆ.

ಇಂತಹ ಪ್ರಯೋಗಕ್ಕೆ ನಮ್ಮ ಮೈಸೂರೂ ನೆಲೆಯಾಗಿದೆ. ಕಂಪ್ಯೂಟರಿಗೆ ಮಾಹಿತಿ ತುಂಬುವ ಕೆಲಸಗಾರರ ನಡುವೆ ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ಅವರು ವರ್ಷಕ್ಕೂ ಮಿಕ್ಕಿ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಇಂದು ಇಷ್ಟು ಕೆಲಸ ಮುಗಿಸುವೆನೆಂದು ಕೆಲಸಗಾರನು ತಾನೇ ಗುರಿ ಗೊತ್ತುಪಡಿಸಿಕೊಳ್ಳಬಹುದು; ಮುಟ್ಟಿದರೆ ಎಂದಿನ ಕೂಲಿಯೇ, ತಪ್ಪಿದರೆ ಕೂಲಿ ಕಡಿತ. ಇಂತಹ ಕರಾರನ್ನು ಯಾರು ಒಪ್ಪಿಯಾರು? ಆದರೂ ಹಲವರು ಮತ್ತೆ ಮತ್ತೆ ಒಪ್ಪಿದರು, ಅದರಿಂದ ಕೆಲಸವೂ ಹೆಚ್ಚಿತು. ಸಂಬಳದ ದಿನ ಹತ್ತಿರವಾದಂತೆ ಕೆಲಸ ಚುರುಕಾದುದೂ ಕಂಡಿತು. ತನ್ನ ಮನಸ್ಸು ನಾಳೆ ಸಡಿಲಾದೀತೆಂದು ಬಲ್ಲವನು ಇಂದೇ ಅದಕ್ಕೆ ಕಟ್ಟು ಹಾಕುತ್ತಾನೆ. ಕೈಯಲ್ಲಿದ್ದರೆ ಖರ್ಚಾದೀತೆಂದು ತಿಂಗಳು ತಿಂಗಳೂ ಚೀಟಿಗೆ ಹಣ ಕಟ್ಟುವ ನಮ್ಮ ಗೃಹಿಣಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇಷ್ಟು ರಸವತ್ತಾದ ಕಥೆಗಳನ್ನು ಕೇಳಿ ಓದು ಸುಲಭವೆಂದು ಯಾರೂ ಭ್ರಮಿಸಬಾರದು. ಮೊದಲ ವರ್ಷದ ಹೆಚ್ಚಿನ ಭಾಗ ಗಣಿತ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಮೂಲ ಸಿದ್ಧಾಂತಗಳಿಗೇ ಸಲ್ಲುತ್ತದೆ. ಆಮೇಲೆ ಪ್ರಯೋಗವನ್ನು ರೂಪಿಸುವ ಕಲೆ, ಕಂಪ್ಯೂಟರಿನಲ್ಲಿ ಅದನ್ನು ಅಳವಡಿಸುವ ವಿಧಾನ. ಪ್ರಾಯೋಗಿಕ ಅರ್ಥಶಾಸ್ತ್ರಜ್ಞರು ಎರಡು ನಿಯಮಗಳನ್ನು ಬಿಗಿಯಾಗಿ ಪಾಲಿಸುತ್ತಾರೆ: ಪ್ರಯೋಗಕ್ಕೆ ಬಂದವರಿಗೆ ಅವರವರ ನಿರ್ಧಾರಕ್ಕೆ ತಕ್ಕಂತೆ ನಿಜವಾದ ಹಣವನ್ನೇ ಕೊಡಬೇಕು, ಅವರಿಗೆ ಸುಳ್ಳು ಹೇಳಬಾರದು.

ಈ ಸತ್ಯನಿಷ್ಠೆ ಪ್ರಯೋಗಶಾಲೆಯ ಬಾಗಿಲಿಗೇ ನಿಲ್ಲತಕ್ಕದ್ದಲ್ಲ. ಹೆಸರಾಂತ ಪತ್ರಿಕೆಗಳ 18 ಪ್ರಯೋಗಗಳನ್ನು ವಿದ್ವಾಂಸರು ಮತ್ತೊಮ್ಮೆ ನಡೆಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದಾಗ, 11 ಮಾತ್ರ ಮೊದಲಿನಂತೆ ನಿಂತವು. ಪ್ರಾಮಾಣಿಕತೆಯ ಕುರಿತೇ ಬರೆದ ಪ್ರಬಂಧವೊಂದರ ಅಂಕಿಅಂಶಗಳು ಕೃತಕವೆಂದು ಕಂಡುಬಂದು 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಪರರ ನಡತೆಯನ್ನು ಅಳೆಯುವವನು ತನ್ನ ನಡತೆಯನ್ನು ಮೊದಲು ಅಳೆದುಕೊಳ್ಳಬೇಕು. ಬಯಸಿದ ಉತ್ತರ ಬಾರದಿದ್ದಾಗಲೂ ಬಂದುದನ್ನೇ ಬರೆಯುವ ಧೈರ್ಯ ಈ ವಿದ್ಯೆಯ ಪ್ರಾಣ.

ಕೊನೆಗೆ ಹಿರಿಯರ ಪ್ರಶ್ನೆಗೆ ಬರೋಣ. ಅಮೆರಿಕದ ಒಳ್ಳೆಯ ಸಂಸ್ಥೆಗಳಲ್ಲಿ ಡಾಕ್ಟರೇಟ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ವೇತನವಿರುತ್ತದೆ. ಆದರೆ ಐದಾರು ವರ್ಷಗಳ ತಾಳ್ಮೆ ಬೇಕು. ಒಂದೆರಡು ವರ್ಷಗಳ ಸ್ನಾತಕೋತ್ತರ ಪದವಿಗಾದರೋ ಬಹುತೇಕ ಮನೆಯಿಂದಲೇ ಹಣ ಹೊಂದಿಸಬೇಕು. ಹೊಸ ಹೆಸರಿನ ಆಕರ್ಷಣೆಗೆ ಮರುಳಾಗಿ ಹೊಲ ಒತ್ತೆಯಿಡುವ ಮೊದಲು ಮೂರನ್ನು ವಿಚಾರಿಸಿರಿ: ಅಲ್ಲಿ ಕಲಿಸುವವರು ಯಾರು, ಪ್ರಯೋಗಶಾಲೆ ಇದೆಯೆ, ಹಿಂದೆ ಓದಿದವರು ಎಲ್ಲಿದ್ದಾರೆ? ನಾಲ್ಕನೆಯದನ್ನು ಮಗುವಿಗೇ ಕೇಳಿರಿ: ಗಣಿತದಲ್ಲಿ ಒಲವಿದೆಯೆ? ಇದ್ದರೆ ತಡೆಯಬೇಡಿರಿ. ಮನುಷ್ಯನನ್ನು ಇದ್ದಂತೆ ಕಾಣಬಲ್ಲವರು ರೂಪಿಸಿದ ಯೋಜನೆಗಳೇ ಬಡವನ ಮನೆಯನ್ನು ಸರಿಯಾಗಿ ಮುಟ್ಟಿಯಾವು. ಅಂಥವರ ಸಾಲಿನಲ್ಲಿ ನಮ್ಮ ಮನೆಯ ಮಕ್ಕಳೂ ಇರಲಿ.